ಅರಗಿನ ಗಂಟು

ಗಾಡಿ ಬಂದು ಅಂಗಡಿಯ ಮುಂದೆ ನಿಂತರೆ ಬೋರಲಿಂಗಯ್ಯನವರು ಮೊದಲು ಅದಕ್ಕೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಬಾನೆಟ್ ಎತ್ತುವುದು, ಇಕ್ಕಳ ಹಿಡಿಯುವುದು, ಬ್ಯಾಟರಿಯ ಮೇಲೆ ಕೈಯಿಡುವುದು ಎಲ್ಲ ಆಮೇಲಿನ ಮಾತು. ಗಾಡಿ ತಂದವನನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿ, ಅವನ ಮುಖವನ್ನೇ ದಿಟ್ಟಿಸುತ್ತ ಮೂರು ಪ್ರಶ್ನೆ ಕೇಳುವರು. “ಯಾವತ್ತಿಂದ ಹಿಂಗೆ? ನಂಗಿಂತ ಮುಂಚೆ ಯಾರು ಕೈ ಹಾಕಿದ್ದು? ನನ್ನತ್ರ ಹೇಳ್ದೆ ಏನ್ ಮಡಿಕೊಂಡಿದ್ದೀಯ?” ಮೂರನೆಯ ಪ್ರಶ್ನೆಗೆ ಎಂಥ ಲಾರಿ ಡ್ರೈವರೂ ಒಮ್ಮೆ ಗಾಡಿಯ ಕಡೆ ತಿರುಗಿ ನೋಡುತ್ತಿದ್ದ. ಅವನು ಏನೇ ಹೇಳಲಿ, ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಅಂಗಂತೀಯಾ?” ಅದರಲ್ಲಿ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿ, ಎರಡು ಸಲದ ನಡುವೆ ಏನು ಬದಲಾಯಿತೆಂದು ನೋಡುವ ಹಂಚಿಕೆ ಅದು.

ಚನ್ನಪಟ್ಟಣದಲ್ಲಿ, ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲಿ, ಗೊಂಬೆ ಮಾಡುವ ಕರೀಂ ಸಾಬರ ಲೇತಿನ ಮನೆಗೂ ಒಂದು ಪಂಕ್ಚರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಎಂಟಡಿ ಅಗಲದ ಜಾಗ ಅವರದು. ಹುಟ್ಟಿದ್ದು ಕುದೂರಿನ ಕಡೆಯ ರಾಗಿ ಹೊಲದ ಮನೆಯಲ್ಲಿ. ನೇಗಿಲು ಅಣ್ಣನಿಗೆ ಬಿಟ್ಟು, ಬೆಂಗಳೂರಿನ ಗ್ಯಾರೇಜೊಂದರಲ್ಲಿ ಏಳು ವರ್ಷ ಗಾಡಿಗಳ ವೈರಿಂಗ್ ಕಲಿತು, ಊರಿಗೆ ಹಿಂದಿರುಗದೆ ಇಲ್ಲಿ ಇಳಿದುಕೊಂಡವರು. ನಾನು ಅವರನ್ನು ಬಲ್ಲ ಕಾಲಕ್ಕೆ ಐವತ್ತು ದಾಟಿತ್ತು. ಎಂದೋ ಜಾಕು ಜಾರಿ ಎಡಪಾದದ ಮೇಲೆ ಗಾಡಿ ಕೂತದ್ದರಿಂದ, ನಡೆಯುವಾಗ ಒಂದು ಹೆಜ್ಜೆ ಇಟ್ಟು ಇನ್ನೊಂದನ್ನು ಹಿಂದಿನಿಂದ ಕರೆದುಕೊಂಡು ಬರುವಂತೆ ಕಾಣುತ್ತಿತ್ತು. ಚೈತ್ರದ ಉರಿಬಿಸಿಲಿನಲ್ಲೂ ಮೈಮೇಲೊಂದು ಕಪ್ಪು ಕೋಟು. ಯಾವುದೋ ವಕೀಲರ ಮನೆಯವರು ಕೊಟ್ಟದ್ದಂತೆ. ಅದರ ಒಂದು ಜೇಬಿನಲ್ಲಿ ಟೆಸ್ಟ್ ಲ್ಯಾಂಪು, ಒಂದರಲ್ಲಿ ರೇಷ್ಮೆ ನೂಲಿನ ಉಂಡೆ, ಎದೆಯ ಜೇಬಿನಲ್ಲಿ ಕಾಗದ ಸುತ್ತಿದ ಕೆಂಪು ಅರಗಿನ ಕಡ್ಡಿ.

ನೂಲೂ ಅರಗೂ ಅವರ ಕಸುಬಿನ ಗುಟ್ಟು. ಆ ಕಾಲದ ಟೇಪು ಎರಡು ಮಳೆಗಾಲ ಕಂಡರೆ ಅಂಟು ಬಿಟ್ಟು ಸುರುಳಿಯಾಗುತ್ತಿತ್ತು. ಗಂಟಿಗೆ ನೀರಿಳಿದು ತಾಮ್ರ ಹಸಿರುಗಟ್ಟುತ್ತಿತ್ತು. ಬೋರಲಿಂಗಯ್ಯನವರು ತಂತಿಗೆ ತಂತಿ ಹೆಣೆದು, ಮೇಲೆ ರೇಷ್ಮೆಯ ನೂಲನ್ನು ಎಳೆಗೆ ಎಳೆ ತಾಗುವಂತೆ ಸುತ್ತಿ, ಕರೀಂ ಸಾಬರು ಗೊಂಬೆಗೆ ಬಳಿಯುವ ಅರಗನ್ನು ದೀಪದ ಉರಿಗೆ ಹಿಡಿದು ಹನಿಹನಿಯಾಗಿ ಅದರ ಮೇಲೆ ಇಳಿಸುತ್ತಿದ್ದರು. ಆರಿದ ಮೇಲೆ ಆ ಗಂಟು ಕೆಂಪು ಮಣಿಯಂತೆ ಹೊಳೆಯುತ್ತಿತ್ತು. ನೀರಲ್ಲಿ ಮುಳುಗಿಸಿಟ್ಟರೂ ತೇವ ಒಳಗೆ ಹೋಗದು. ಬಿಡದಿಯಿಂದ ಮದ್ದೂರಿನವರೆಗೆ ಡ್ರೈವರುಗಳು ಅದನ್ನು ‘ಬೋರಣ್ಣನ ಗಂಟು’ ಎಂದೇ ಕರೆಯುತ್ತಿದ್ದರು.

ಕರೀಂ ಸಾಬರು ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು ತಿರುಗಿಸುತ್ತಲೇ ಗೋಡೆಯ ಆಚೆಯಿಂದ ಕೂಗುವರು: “ಏನ್ ಬೋರಣ್ಣ, ಗೊಂಬೆಗೆ ಬಳಿಯೋದ್ನ ಗಾಡಿಗೆ ಬಳೀತೀಯಲ್ಲ, ನಾಳೆ ಮಕ್ಳು ನಿನ್ನ ವೈರ್ನ ಬಾಯಿಗಿಟ್ಕೊಂಡು ಚೀಪ್ತಾವೆ ನೋಡು!”

“ಚೀಪ್ಲಿ ಬುಡು ಸಾಬ್ರೆ. ನಿಮ್ಮ ಗೊಂಬೆಗಿಂತ ನನ್ನ ಕರೆಂಟು ರುಚಿಯಾಗಿರ್ತದೆ.”

ಬೋರಲಿಂಗಯ್ಯನವರು ನಗುತ್ತಿದ್ದುದೇ ಕಮ್ಮಿ. ನಕ್ಕರೆ ಅದು ಆ ಗೋಡೆಯ ಕಡೆಗೆ.

ಅವರ ಕೈಗೆ ಸಿಕ್ಕಿದ ಗಾಡಿಗಳಲ್ಲಿ ಅವರನ್ನು ಸೋಲಿಸಿದ್ದು ಗೌಸನ ಟ್ಯಾಕ್ಸಿ. ಗೌಸ್ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಓಡಿಸುತ್ತಿದ್ದ, ಮಾತಿನ ಮಲ್ಲ. ಒಂದು ಮಧ್ಯಾಹ್ನ ಹೆಡ್‌ಲೈಟು ಉರಿಸಿಕೊಂಡೇ ಬಂದು ನಿಂತ. ಸ್ವಿಚ್ ಆಫ್ ಮಾಡಿದರೂ ದೀಪ ಆರುತ್ತಿಲ್ಲ, ಕೀ ತೆಗೆದರೂ ಆರುತ್ತಿಲ್ಲ.

“ಹಾಡುಹಗಲಲ್ಲಿ ಲೈಟ್ ಹಾಕ್ಕೊಂಡು ಬಂದ್ರೆ, ಯಾರ್ ಹೆಣ ಐತೆ ಒಳಗೆ ಅಂತ ಕೇಳ್ತಾರೆ ಕಣಣ್ಣ ರೋಡಲ್ಲಿ! ಒಬ್ಬ ಮುದುಕಪ್ಪ ಟವಲ್ ತಗ್ದು ಕೈಮುಗಿದ.”

ಬೋರಲಿಂಗಯ್ಯನವರು ಬೆನ್ನು ತಿರುಗಿಸಿ ಕೂತು ತಮ್ಮ ಮೂರು ಪ್ರಶ್ನೆ ಕೇಳಿದರು. ಗೌಸ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ಇವರಿಗಿಂತ ಮೊದಲು ಕೈ ಹಾಕಿದವರು ಯಾರೂ ಇಲ್ಲ. ನಾಲ್ಕು ವರ್ಷದ ಹಿಂದೆ ಆ ಗಾಡಿಯ ವೈರಿಂಗ್ ಪೂರಾ ಮಾಡಿದವರು ಇವರೇ. ಬ್ಯಾಟರಿಯ ಟರ್ಮಿನಲ್ ಬಿಚ್ಚಿ ದೀಪ ಆರಿಸಿದರು. ಗೌಸ್ ಚಹಾ ಕುಡಿದು ಬಂದ ಮೇಲೆ ಮತ್ತೆ ಜೋಡಿಸಿದರೆ, ದೀಪ ಹೇಳಿದಂತೆ ಕೇಳುತ್ತಿದೆ! ಹಾಕಿದರೆ ಹತ್ತುತ್ತದೆ, ತೆಗೆದರೆ ಆರುತ್ತದೆ. ಸ್ವಿಚ್ಚಿನೊಳಗೆ ಹಿಡಿದುಕೊಂಡಿದೆ ಎಂದು ಹೊಸ ಸ್ವಿಚ್ ಹಾಕಿದರು. ಎಂಟು ದಿನಕ್ಕೆ ಗೌಸ್ ಮತ್ತೆ ಬಂದ. ಇನ್ನೊಂದು ಸ್ವಿಚ್. ಮೂರನೆಯ ಸಲ ಬಂದಾಗ ಸ್ಟ್ಯಾಂಡಿನವರು ಅವನ ಗಾಡಿಗೆ ಹೆಸರೇ ಇಟ್ಟಿದ್ದರು.

“ನಂದಾದೀಪ ಅಂತಾವ್ರೆ ಕಣಣ್ಣ ನನ್ ಗಾಡೀನ. ಎಣ್ಣೆ ಬತ್ತಿ ತಂದು ಕೊಡ್ತಾರಂತೆ. ಈ ಸತಿ ಕಾರಣ ಹೇಳ್ಬುಡು. ಮಾಗಡಿ ಗುಡ್ಡ ಹತ್ತಿ ಇಳುದ್ರೆ ಸಾಕು, ಹಿಡ್ಕೊಂಬುಡ್ತದೆ.”

ಬೋರಲಿಂಗಯ್ಯನವರ ಕೈ ಅಲ್ಲೇ ನಿಂತಿತು. “ಅಂಗಂತೀಯಾ?” ಎಂದರು. ಈ ಸಲ ಅದು ನಿಜವಾದ ಪ್ರಶ್ನೆ. “ಬೆಳಿಗ್ಗೆ ತಣ್ಣಗಿದ್ದಾಗ ಯಾವತ್ತಾದ್ರೂ ಹಿಂಗಾಗೈತಾ?”

“ಇಲ್ಲ. ಬಿಸಿ ಆದ್ಮೇಲೇ.”

“ಮೊದ್ಲೇ ಯಾಕ್ಲಾ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ವಲ್ಲಣ್ಣ.”

ಅಂಗಡಿಯ ಬಾಗಿಲು ಹಾಕಿ ಅವರು ಗಾಡಿ ಹತ್ತಿದರು. ರಾಮನಗರ ದಾಟಿ, ಬಂಡೆಗಳ ನಡುವೆ ಮಾಗಡಿಯವರೆಗೆ ಹೋಗಿ, ನಿಲ್ಲಿಸದೆ ತಿರುಗಿಸಿದರು. ಹೋಗುವಾಗ ಬೇಕೆಂದೇ ದೀಪ ಉರಿಸಿಕೊಂಡು ಹೋದರು. ಬರುವಾಗ ಇಳಿಜಾರಿನಲ್ಲಿ ಗೌಸ್ ಸ್ವಿಚ್ ತೆಗೆದ, ದೀಪ ಆರಲಿಲ್ಲ. ಹುಣಸೆಮರವೊಂದರ ಕೆಳಗೆ ಗಾಡಿ ನಿಲ್ಲಿಸಿ, ಟರ್ಮಿನಲ್ ಬಿಚ್ಚಿ, ಎಂಜಿನ್ನಿನ ಹಿಂದೆ ತಂತಿಗಳ ಕಟ್ಟು ಹಾದುಹೋಗುವ ಜಾಗಕ್ಕೆ ಬೋರಲಿಂಗಯ್ಯನವರು ಕೈ ತೂರಿಸಿದರು. ಬೆರಳಿಗೆ ಏನೋ ಮೆತ್ತಗೆ ಅಂಟಿತು. ಕೈ ಹೊರಗೆ ತೆಗೆದರೆ ಬೆರಳ ತುದಿ ಕೆಂಪಗಿತ್ತು. ಮೂಗಿಗೆ ಹಿಡಿದರು. ಇಪ್ಪತ್ತು ವರ್ಷ ಗೋಡೆಯ ಆಚೆಯಿಂದ ದಿನವೂ ಬರುತ್ತಿದ್ದ ವಾಸನೆ.

ಬ್ಯಾಟರಿಯಿಂದ ಸದಾ ಕರೆಂಟು ಹೊತ್ತು ಬರುವ ತಂತಿಯ ಗಂಟನ್ನೂ ಹೆಡ್‌ಲೈಟಿಗೆ ಹೋಗುವ ತಂತಿಯ ಗಂಟನ್ನೂ ಅವರು ಅಚ್ಚುಕಟ್ಟಿಗೆಂದು ಪಕ್ಕಪಕ್ಕದಲ್ಲೇ ಕಟ್ಟಿದ್ದರು. ಹಳೆಯ ಬಲ್ಬುಗಳ ಕಾಲಕ್ಕೆ ಅದು ತಡೆದುಕೊಂಡಿತು. ಈಚೆಗೆ ಅವರೇ ಹಾಕಿಕೊಟ್ಟಿದ್ದ ಹ್ಯಾಲೊಜೆನ್ ಬಲ್ಬು ಹೆಚ್ಚು ಕರೆಂಟು ಎಳೆದು ತಂತಿಯನ್ನೇ ಕಾಯಿಸುತ್ತಿತ್ತು. ಮೇಲಿಂದ ಎಂಜಿನ್ನಿನ ಕಾವು. ಅರಗು ಮೆತ್ತಗಾಗಿ, ನೂಲು ಸಡಿಲವಾಗಿ, ಒಂದು ಗಂಟು ಇನ್ನೊಂದರೊಳಕ್ಕೆ ಒರಗಿತ್ತು. ಕರೆಂಟು ಸ್ವಿಚ್ಚಿನ ತಂಟೆಗೇ ಹೋಗದೆ ಅಡ್ಡದಾರಿಯಲ್ಲಿ ದೀಪಕ್ಕೆ ಹರಿಯುತ್ತಿತ್ತು. ತಣ್ಣಗಾದರೆ ಎರಡೂ ಬಿಗಿದು ತುಸು ದೂರ ಸರಿಯುತ್ತಿದ್ದವು. ಆಗ ತಪ್ಪೆಲ್ಲ ಸ್ವಿಚ್ಚಿನದಾಗುತ್ತಿತ್ತು. ಬಿಸಿಗೆ ಕರಗುವುದರಿಂದಲೇ ಅರಗು ಗೊಂಬೆಗೆ ಹತ್ತುವುದು. ಅದನ್ನು ಕಣ್ಣೆದುರು ಸಾವಿರ ಸಲ ನೋಡಿದ್ದವರು ಅವರು.

ಗೌಸ್ ಕೈತಟ್ಟಿದ. “ಸಿಕ್ತಲ್ಲ! ನಂದಾದೀಪ ಆರೋಯ್ತು. ನಡಿ, ಕೆಂಗಲ್ ಗುಡೀಲಿ ಒಂದು ಕಾಯಿ ಹೊಡಿಸ್ಬುಡಾನ.”

ಕೆಂಗಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಬೋರಲಿಂಗಯ್ಯನವರು ಕೆಂಪಾದ ಬೆರಳನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು.

ಮೂರು ವರ್ಷದ ಹಿಂದೆ, ದೀಪ ಹಚ್ಚುವ ಹೊತ್ತಿನಲ್ಲಿ, ಕೆಂಗಲ್ಲಿಗೆ ಇನ್ನೊಂದು ಮೈಲಿ ಇರುವಾಗ ಚೆಲುವಯ್ಯನ ಬಾಡಿಗೆ ವ್ಯಾನು ಹತ್ತಿ ಉರಿದಿತ್ತು. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿ ಊರಿಗೆ ಹೊರಟಿದ್ದ ತಾಯಿ ಮತ್ತು ಮಗಳು ಒಳಗಿದ್ದರು. ಮೂವರಲ್ಲಿ ಯಾರೂ ಹೊರಗೆ ಬರಲಿಲ್ಲ. ಗಾಡಿಯಲ್ಲಿ ಪೆಟ್ರೋಲ್ ಕ್ಯಾನು ಇತ್ತು, ಚೆಲುವಯ್ಯನ ತುಟಿಯಲ್ಲಿ ಸದಾ ಬೀಡಿ ಇರುತ್ತಿತ್ತು. ಎರಡನ್ನೂ ಕೂಡಿಸಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಟ್ಯಾಂಡಿನವರು ಹಾಗೆಯೇ ಹೇಳಿಕೆ ಕೊಟ್ಟರು, ಪೊಲೀಸರು ಹಾಗೆಯೇ ಬರೆದುಕೊಂಡರು. ಸತ್ತವರ ಕಡೆಯವರು ಬಂದು ಚೆಲುವಯ್ಯನ ಬಾಗಿಲಿಗೆ ಮಣ್ಣು ತೂರಿ ಹೋದರು. ಅವನ ಹೆಂಡತಿ ಮಾರಕ್ಕ ಆ ಬೀದಿ ಬಿಟ್ಟು, ಊರಾಚೆ ಬಾಡಿಗೆಗೆ ಒಂದು ಕೋಣೆ ಹಿಡಿದು ನೂಲು ತೆಗೆಯುವ ಕೆಲಸಕ್ಕೆ ಸೇರಿದಳು.

ಊರಿಗೆ ಗೊತ್ತಿದ್ದುದು ಇಷ್ಟು. ಬೋರಲಿಂಗಯ್ಯನವರಿಗೆ ಇನ್ನೊಂದು ಗೊತ್ತಿತ್ತು. ಆ ವ್ಯಾನಿಗೆ ಹ್ಯಾಲೊಜೆನ್ ಬಲ್ಬು ಹಾಕಿ, ತಂತಿ ಎಳೆದು, ಗಂಟು ಕಟ್ಟಿದವರು ಅವರು. ಅದು ಉರಿಯುವ ನಾಲ್ಕು ದಿನ ಮುಂಚೆ ಚೆಲುವಯ್ಯ ಅಂಗಡಿಗೆ ಬಂದು, “ಬೋರಣ್ಣ, ಲೈಟ್ ಆರ್ತಾನೇ ಇಲ್ಲ, ಒಸಿ ನೋಡು” ಎಂದಿದ್ದ. ಅವರು ಹೊಸ ಸ್ವಿಚ್ ಹಾಕಿ, ದೀಪ ಆರಿದ್ದನ್ನು ತೋರಿಸಿ, ಕಳಿಸಿಕೊಟ್ಟಿದ್ದರು.

ಮಾಗಡಿಯಿಂದ ಬಂದ ಮರುದಿನ ಅವರು ಠಾಣೆಯ ಹಿತ್ತಲಿಗೆ ಹೋದರು. ಸುಟ್ಟ ವ್ಯಾನು ಇನ್ನೂ ಅಲ್ಲೇ, ಎಕ್ಕದ ಗಿಡಗಳ ನಡುವೆ ತುಕ್ಕು ತಿನ್ನುತ್ತ ಬಿದ್ದಿತ್ತು. ಗೌಸ್ ಜೊತೆಗೆ ಹೋಗಿದ್ದ. ಅವತ್ತು ಬೋರಲಿಂಗಯ್ಯನವರು ಬೆನ್ನು ತಿರುಗಿಸಿ ಕೂರಲಿಲ್ಲ. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಕೋಟಿನ ತೋಳನ್ನು ಮಡಿಸಿ, ಮೊಣಕಾಲೂರಿ, ಬೂದಿ ಮಣ್ಣು ಕೆದಕುತ್ತ ಒಂದೊಂದೇ ತಂತಿಯನ್ನು ಹಿಡಿದು ಹಿಂದಿನಿಂದ ಮುಂದಕ್ಕೆ ಬಂದರು. ಪೆಟ್ರೋಲ್ ಕ್ಯಾನು ಇದ್ದದ್ದು ಹಿಂದಿನ ಸೀಟಿನ ಕೆಳಗೆ. ಅಲ್ಲಿ ತಂತಿಗಳ ಹೊದಿಕೆ ಸುಟ್ಟಿತ್ತು, ತಾಮ್ರದ ಎಳೆಗಳು ಮಾತ್ರ ಎಳೆಗಳಾಗಿಯೇ ಉಳಿದಿದ್ದವು. ಮುಂದೆ, ಅವರ ಎರಡು ಗಂಟುಗಳಿದ್ದ ಜಾಗದಲ್ಲಿ, ತಾಮ್ರ ಕರಗಿ, ಒಂದಕ್ಕೊಂದು ಬೆಸೆದು, ಹುರುಳಿಕಾಳಿನಷ್ಟು ಗಾತ್ರದ ಗೋಲಿಯಾಗಿ, ಗಾಡಿಯ ತಗಡಿಗೆ ಕಚ್ಚಿಕೊಂಡಿತ್ತು. ಹೊರಗಿನ ಬೆಂಕಿ ತಾಮ್ರವನ್ನು ಹಾಗೆ ಒಂದೇ ಒಂದು ಕಡೆ ಕರಗಿಸಲಾರದು. ಬ್ಯಾಟರಿಯ ಕರೆಂಟೆಲ್ಲ ತಗಡಿಗೆ ಹರಿದು ಅಲ್ಲೇ ಕಿಡಿಯೆದ್ದಿತ್ತು; ತಡೆಯಲು ಆ ತಂತಿಗೆ ಅಡ್ಡ ಫ್ಯೂಸೂ ಇರಲಿಲ್ಲ.

“ಬೀಡಿ ಅಲ್ಲ ಕಣೋ ಗೌಸು,” ಎಂದರು.

ಗೌಸನ ಮಾತಿನ ಮಲ್ಲತನವೆಲ್ಲ ಹೋಗಿತ್ತು. “ಬುಟ್ಬುಡಣ್ಣ,” ಎಂದ. “ಮೂರು ವರ್ಸ ಆಯ್ತು. ಸತ್ತೋರು ಎದ್ದು ಬರ್ತಾರಾ? ನೀನು ಬಾಯಿ ಬುಟ್ರೆ ನಾಳೆಯಿಂದ ಒಂದು ಗಾಡಿ ನಿನ್ನ ಅಂಗ್ಡಿ ಮುಂದೆ ನಿಲ್ಲಲ್ಲ.”

“ಅಂಗಂತೀಯಾ?”

“ಬೀಡಿ ಅಂತ ಬರ್ಸಿದ್ದು ನಾನೂ ಕಣಣ್ಣ,” ಎಂದು ಗೌಸ್ ನೆಲ ನೋಡಿದ. “ಸೈನ್ ಹಾಕಿವ್ನಿ.”

ಬೋರಲಿಂಗಯ್ಯನವರು ಒಳಗೆ ಹೋಗಿ ಹೇಳಿದರೆ, ಠಾಣೆಯಲ್ಲಿದ್ದವರು ಫೈಲು ಮುಚ್ಚಿ ವರ್ಷವಾಯಿತೆಂದರು. ತಗಡಿನಿಂದ ಕಿತ್ತು ತಂದಿದ್ದ ಗೋಲಿಯನ್ನು ಅಂಗೈಯಲ್ಲಿಟ್ಟು ತೋರಿಸಿದ್ದಕ್ಕೆ ಒಬ್ಬರು, “ಇದನ್ನ ಇಟ್ಕೊಂಡು ನಾವೇನ್ರೀ ಮಾಡೋದು, ಮೂಗುಬಟ್ಟು ಮಾಡಿಸ್ಲಾ?” ಎಂದು ನಕ್ಕರು. ಶಿಕ್ಷೆಯಾಗುವುದಾದರೆ ಆಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದವರು, ಹಾಗೆಯೇ ಹೊರಗೆ ಬಂದರು.

ಮಾರಕ್ಕ ನೂಲು ತೆಗೆಯುವ ಶೆಡ್ಡಿನಲ್ಲಿ, ಕುದಿನೀರಿನ ಬೋಗುಣಿಯ ಮುಂದೆ ಕೂತಿದ್ದಳು. ಗೂಡುಗಳು ನೀರಲ್ಲಿ ಕುಣಿಯುತ್ತಿದ್ದವು. ನೆನೆದು ನೆನೆದು ಅವಳ ಬೆರಳುಗಳು ಬೆಳ್ಳಗೆ ನಿರಿಗೆಗಟ್ಟಿದ್ದವು. ಬೋರಲಿಂಗಯ್ಯನವರು ನಿಂತೇ ಹೇಳಿದರು. ಗಾಡಿಯ ಕಾಯಿಲೆಯನ್ನು ಯಜಮಾನನಿಗೆ ಹೇಳುವಂತೆ, ಮೊದಲಿಂದ, ಒಂದನ್ನೂ ಬಿಡದೆ: ಗಂಟು ಕಟ್ಟಿದ್ದು, ಚೆಲುವಯ್ಯ ಬಂದು ಹೇಳಿದ್ದು, ತಾವು ಸ್ವಿಚ್ ಹಾಕಿ ಕಳಿಸಿದ್ದು, ತಾಮ್ರ ಕರಗಿದ್ದು. ಅವಳ ಕೈ ಎಳೆ ಎತ್ತುತ್ತಲೇ ಇತ್ತು. ಆಮೇಲೆ ನಿಂತಿತು.

“ಬೀಡಿ ಅಲ್ವಾ?”

“ಅಲ್ಲ ಕಣವ್ವ.”

“ನಿಜ್ವಾಗ್ಲೂ ಅಲ್ವಾ?”

“ನನ್ನ ಗಂಟಿಂದ ಹತ್ತಿದ್ದು.”

ಅವಳು ಕೈಯಲ್ಲಿದ್ದ ಎಳೆಯನ್ನು ನೀರಿಗೆ ಬಿಟ್ಟಳು. “ತಿಥಿ ದಿನ ನಮ್ಮತ್ತೆ ಎಡೇಲಿ ಒಂದು ಕಟ್ಟು ಬೀಡಿ ಮಡುಗ್ತು ಕಣಣ್ಣ, ಮಗ ಸೇದ್ತಿದ್ದ ಅಂತ. ಮೂರು ಜನುನ್ನ ಸುಟ್ಟಿದ್ದು ಸಾಲ್ದಾ ಅಂತ ಕಿತ್ತು ಬೀದಿಗೆಸ್ದೆ. ಎಲ್ರ ಮುಂದೆ. ಅತ್ತೆ ಅದೇ ಕೊರಗಲ್ಲಿ ವೋಯ್ತು.” ಸೆರಗಿನಿಂದ ಕೈ ಒರೆಸಿಕೊಂಡಳು. “ಊರೋರು ಬೈದ್ರು ಸರಿ. ನಾನೂ ಬೈದ್ನಲ್ಲ.”

ಅವಳು ಬೋಗುಣಿಯ ಗೂಡುಗಳನ್ನು ಮತ್ತೆ ಕಲಕತೊಡಗಿದಳು.

“ನಂಗೆ ಹೇಳಿದ್ರೆ ಏನ್ ಬಂತು? ಸ್ಟ್ಯಾಂಡಲ್ಲಿ ಹೇಳು. ಬಂದು ಮಣ್ಣು ತೂರಿದ್ರಲ್ಲ, ಅವ್ರ ಮನೇಲಿ ಹೇಳು. ಹೇಳ್ಬುಟ್ಟು ಮತ್ತೆ ಇತ್ತಗೆ ಬರ್ಬ್ಯಾಡ. ನಿನ್ನ ಬೈಯಕ್ಕೂ ನಂಗೆ ಸಗ್ತಿ ಇಲ್ಲ.”

ಮರುದಿನ ಬೆಳಿಗ್ಗೆ, ಟ್ಯಾಕ್ಸಿಗಳೆಲ್ಲ ಸಾಲಾಗಿ ನಿಂತ ಹೊತ್ತಿನಲ್ಲಿ, ಅವರು ಸ್ಟ್ಯಾಂಡಿಗೆ ಹೋಗಿ ಹೇಳಿದರು. ಕೂಗಿ ಹೇಳುವ ಗಂಟಲು ಅವರದಲ್ಲ; ಹಿಂದಿದ್ದವರಿಗೆ ಕೇಳಿಸದೆ, “ಏನಂತೆ, ಏನಂತೆ?” ಎಂದು ಮುಂದಿದ್ದವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಗೌಸ್ ಬಂದು ಪಕ್ಕದಲ್ಲಿ ನಿಂತ. “ನಾನು ಸುಳ್ಳು ಸೈನ್ ಹಾಕ್ದೆ. ಚೆಲುವಯ್ಯ ಬೀಡಿ ಹಚ್ಚಿದ್ದು ನಾನು ಕಂಡಿಲ್ಲ,” ಎಂದ. ಒಬ್ಬ ಹಳೆಯ ಡ್ರೈವರು ಎದ್ದು ಹೋಗಿ ತನ್ನ ಗಾಡಿಯ ಬಾನೆಟ್ ಎತ್ತಿ ನೋಡಿದ. ಅವನ ಹಿಂದೆ ಇನ್ನೊಬ್ಬ. ಒಬ್ಬೊಬ್ಬರಾಗಿ ಬಾನೆಟ್ಟುಗಳೆಲ್ಲ ಎದ್ದವು. ಯಾರೂ ಬೈಯಲಿಲ್ಲ. “ಇದೂ ನಿಂದೇನಾ?” ಎಂದು ಕೆಂಪು ಗಂಟು ತೋರಿಸಿ ಕೇಳುತ್ತಿದ್ದರು. “ನಂದೇ,” ಎನ್ನುತ್ತ ಅವರು ಗಾಡಿಯಿಂದ ಗಾಡಿಗೆ ಕಾಲೆಳೆದುಕೊಂಡು ನಡೆದರು.

ವ್ಯಾನಿನಲ್ಲಿ ಸತ್ತ ತಾಯಿ, ಮಗಳ ಮನೆ ಸಾತನೂರಿನ ದಾರಿಯ ಒಂದು ಹಳ್ಳಿಯಲ್ಲಿತ್ತು. ಅಲ್ಲಿಗೆ ಅವರು ಒಬ್ಬರೇ, ಬಸ್ಸಿನಲ್ಲಿ ಹೋದರು. ಸತ್ತವಳ ಗಂಡ ಕೆಂಚಯ್ಯ ಹುಳುವಿನ ಮನೆಯಲ್ಲಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ. ಮೂವರ ಕೆಲಸವನ್ನು ಒಬ್ಬನೇ ಮಾಡುವವನ ಅವಸರ ಅವನ ಕೈಯಲ್ಲಿತ್ತು. ಸಾವಿರ ಹುಳುಗಳು ಸೊಪ್ಪು ತಿನ್ನುವ ಸದ್ದು ಮಳೆಯಂತೆ ಕೇಳುತ್ತಿತ್ತು. ಆ ಸದ್ದಿನಲ್ಲೇ ಎಲ್ಲವನ್ನೂ ಕೇಳಿಸಿಕೊಂಡ. ಮುಗಿದ ಮೇಲೆ ಬುಟ್ಟಿ ಕೆಳಗಿಟ್ಟ.

“ಯಾಕ್ ಬಂದೆ?” ಎಂದ.

“ಹೇಳ್ಬೇಕಾಗಿತ್ತು.”

“ನಿಂಗೆ ಹೇಳ್ಬೇಕಾಗಿತ್ತು. ನಂಗೆ ಕೇಳ್ಬೇಕಾಗಿತ್ತಾ?” ಕೆಂಚಯ್ಯನ ದನಿ ಏರಲಿಲ್ಲ. “ದಿನಾ ಎದ್ದು ಆ ಬೀಡಿಯೋನ್ನ ಬೈದು, ಮಲಗೋವಾಗ ಬೈದು, ಹೆಂಗೋ ಬದುಕಿದ್ದೆ ಕಣಯ್ಯ. ಅವನೂ ಪಾಪದೋನು ಅಂತೀಯ ಈಗ. ನಿನ್ನ ಬೈಯೋಣ ಅಂದ್ರೆ, ಕುಂಟ್ಕೊಂಡು ಇಲ್ಲಿಗಂಟ ಬಂದು ಮುಂದೆ ನಿಂತಿದ್ದೀಯ. ಯಾರನ್ನ ಬೈಲಿ ನಾನು? ಯೋಳು.”

 ಕೆಂಚಯ್ಯ ಬುಟ್ಟಿ ಎತ್ತಿಕೊಂಡು ಮತ್ತೆ ಸೊಪ್ಪು ಹಾಕತೊಡಗಿದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಅಂಗಳದಲ್ಲೇ, ಬಿಸಿಲಿನಲ್ಲೇ ನಿಂತಿದ್ದರು. ಕೂರು ಎಂದು ಅವನು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಆಮೇಲೆ ಎರಡು ವರ್ಷ ಅವರು ಮಾಡಿದ್ದು ತಮ್ಮದೇ ಗಂಟುಗಳನ್ನು ಬಿಚ್ಚುವ ಕೆಲಸ. ಗಾಡಿ ಎಲ್ಲಿದೆಯೆಂದು ಕೇಳಿಕೊಂಡು, ಮಂಡ್ಯಕ್ಕೆ, ಸಾತನೂರಿಗೆ, ಕುಣಿಗಲ್ಲಿಗೆ ತಾವೇ ಹೋಗಿ, ಅರಗು ಕೆರೆದು, ಹೊಸ ತಂತಿ ಎಳೆದು, ಫ್ಯೂಸು ಕೂರಿಸಿ ಬರುತ್ತಿದ್ದರು. ಕೆಲವರು ಬಾಗಿಲಲ್ಲೇ ತಡೆದು, “ನಿನ್ನ ಕೈ ಇನ್ನೊಂದು ಸತಿ ಬ್ಯಾಡ” ಎಂದು ಕಳಿಸಿದರು. ಹೊಸ ಗಾಡಿ ಅವರ ಅಂಗಡಿಯ ಮುಂದೆ ಬಂದು ನಿಲ್ಲಲಿಲ್ಲ. ಗೌಸ್ ಹೇಳಿದಂತೆಯೇ ಆಯಿತು. ಮಾರಕ್ಕನನ್ನು ಅವರು ಮತ್ತೆ ನೋಡಲಿಲ್ಲ. ಸ್ಟ್ಯಾಂಡಿನಲ್ಲಿ ಚೆಲುವಯ್ಯನ ಮಾತು ಬಂದರೆ ಈಗ ‘ಪಾಪ’ ಎನ್ನುತ್ತಾರೆಂದು ಕರೀಂ ಸಾಬರು ಹೇಳಿದ ದಿನ, ಬೋರಲಿಂಗಯ್ಯನವರು ಗೋಡೆಯ ಕಡೆ ಒಮ್ಮೆ ತಿರುಗಿ, ಮತ್ತೆ ಚೀಲಕ್ಕೆ ಫ್ಯೂಸುಗಳನ್ನು ತುಂಬತೊಡಗಿದರಂತೆ.

ಕೆಟ್ಟದ್ದನ್ನು ಸರಿಮಾಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಗಾಡಿ ಹೊರಟರೆ ಅವರಿಗೆ ಸಾಕು, ನಮಗೂ ಸಾಕು. ಯಾಕೆ ಕೆಟ್ಟಿತು ಎಂದು ಕೊನೆಯವರೆಗೆ ಹುಡುಕಿ ಹೋಗುವವರು ಅಪರೂಪ. ಅವರನ್ನು ನಾವು ಬುದ್ಧಿವಂತರೆಂದು ಹೊಗಳುತ್ತೇವೆ, ಆ ಹುಡುಕಾಟ ಬೇರೆಯವರ ಬಾಗಿಲಲ್ಲಿ ನಿಂತಿರುವವರೆಗೆ. ಒಂದು ದಿನ ಅದು ಅವರ ಕೈಗೇ ಬಂದು ನಿಂತಾಗ, ಮಿಕ್ಕವರಂತೆ ಸುಮ್ಮನಾಗುವ ವಿದ್ಯೆ ಅವರಿಗೆ ಬಂದಿರುವುದಿಲ್ಲ. ಜೀವಮಾನವೆಲ್ಲ ಕಲಿತದ್ದು ಅದರ ವಿರುದ್ಧದ ವಿದ್ಯೆ. ನಿಜ ಹೇಳಿದ್ದಕ್ಕೆ ಅವರಿಗೆ ಕ್ಷಮೆ ಸಿಗುವುದಿಲ್ಲ, ಶಿಕ್ಷೆಯೂ ಸಿಗುವುದಿಲ್ಲ. ಕೇಳಿದವರಿಗೆ ನೆಮ್ಮದಿಯೂ ಬರುವುದಿಲ್ಲ. ಸತ್ತವನೊಬ್ಬನ ಮೇಲಿನ ಸುಳ್ಳು ಮಾತ್ರ ಇಳಿಯುತ್ತದೆ, ಅದರ ಭಾರವನ್ನು ಬದುಕಿರುವವರು ಹಂಚಿಕೊಂಡು ಹೊರುತ್ತಾರೆ. ಇಂಥ ಮನುಷ್ಯರ ಜೊತೆಗೆ ಬದುಕುವುದು ಕಷ್ಟ. ಅವರಿಲ್ಲದ ಊರಿನಲ್ಲಿ ಸಾಯುವುದು, ಬಹುಶಃ, ಅದಕ್ಕಿಂತ ಕಷ್ಟ.